ಶಿವಪ್ಪನಾಯಕನ ಅರಮನೆಯೆಂಬ ಹೆಸರು

ಶಿವಮೊಗ್ಗೆಯಲ್ಲಿ ತುಂಗಾತೀರಕ್ಕೆ ಸಮೀಪವಾಗಿ ಒಂದು ಹಳೆಯ ಮಹಲಿರುವುದು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯವರೆಲ್ಲರೂ ಅದನ್ನು ಶಿವಪ್ಪನಾಯಕನ ಅರಮನೆಯೆಂದೇ ಕರೆಯುವರು. ಈ ಕೆಳದಿಯ ಅರಸನು 1645ರಿಂದ 1660ರ ವರೆಗೆ ಆಳಿದನು. ಆದರೆ ಕಟ್ಟಡವು ಅವನ ಕಾಲದ್ದೇ ಎಂಬುದು ವಿಚಾರಾರ್ಹವಾಗಿದೆ. ಕಲೆಯ ಇತಿಹಾಸಜ್ಞರಾದ ಜಾರ್ಜ್ ಮಿಚೆಲ್ಲರು ಇದನ್ನು 18ನೆಯ ಶತಮಾನದಲ್ಲಿ ಹೈದರಲಿಯು ಕಟ್ಟಿಸಿದುದೆನ್ನುವರು.

ಕಟ್ಟಡವೂ ಈ ಮತಕ್ಕೆ ಅನುಕೂಲವಾಗಿಯೇ ಸಾಕ್ಷ್ಯ ನುಡಿಯುವುದು. ನಡುವೆ ಎತ್ತರವಾದ ಓಲಗಶಾಲೆ. ದಪ್ಪನಾದ ಮರದ ಕಂಬಗಳು. ಅವುಗಳ ನಡುವೆ ದಳದಳವಾಗಿ ಬಾಗಿದ ಕಮಾನುಗಳು. ಇಕ್ಕೆಲದ ಮಹಡಿಯ ಕೋಣೆಗಳಿಂದ ಕೆಳಗಿನ ಸಭೆಯನ್ನು ನೋಡಲು ಚಾಚಿದ ಮೊಗಸಾಲೆ. ಬೆಂಗಳೂರಿನಲ್ಲಿ ಹೈದರನು ತೊಡಗಿಸಿ, ಟೀಪುವು 1791ರಲ್ಲಿ ಮುಗಿಸಿದ ಅರಮನೆಯ ರೀತಿಯೂ ಇದೇ.

ಮಲೆನಾಡಿಗರಿಗೆ ಈ ಮಾತು ರುಚಿಸದಿರಬಹುದು. ನನಗೂ ಮೊದಲು ರುಚಿಸಲಿಲ್ಲ. ಆದರೆ ಶಿವಪ್ಪನಾಯಕನ ಕೀರ್ತಿಯು ನಿಂತಿರುವುದು ಭೂಮಿಗೆ ಕಂದಾಯವನ್ನು ಗೊತ್ತುಮಾಡಿದ ಅವನ ಶಿಸ್ತಿನ ಮೇಲೆಯೇ ಹೊರತು ಈ ಕಂಬಗಳ ಮೇಲಲ್ಲ. ಅವನ ರಾಜಧಾನಿಯಾದರೂ ಬಿದನೂರು, ಎಂದರೆ ಹೊಸನಗರ ತಾಲ್ಲೂಕಿನ ಇಂದಿನ ನಗರ. 1763ರಲ್ಲಿ ಹೈದರನು ಅದನ್ನು ಹಿಡಿದು ಹೈದರನಗರವೆಂದು ಕರೆದನು. ಆ ಹೆಸರಿನ ಉತ್ತರಾರ್ಧವು ಊರಿಗೆ ಉಳಿಯಿತು. ಹೈದರನ ಕಟ್ಟಡಕ್ಕೆ ನಾಯಕನ ಹೆಸರು, ನಾಯಕನ ಊರಿಗೆ ಹೈದರನಿಟ್ಟ ಹೆಸರು!

ಸಂಗ್ರಹಾಲಯದಲ್ಲಿ ಹೊಯ್ಸಳಶಿಲ್ಪಗಳೂ ವೀರಗಲ್ಲುಗಳೂ ಸುತ್ತಣ ಊರುಗಳಿಂದ ಬಂದು ನಿಂತಿವೆ. ಅವುಗಳ ಕಾಲನಿರ್ಣಯಕ್ಕೆ ತೋರುವ ಎಚ್ಚರವನ್ನು ಅವುಗಳಿರುವ ಮನೆಗೂ ತೋರಬೇಕು. ರೂಢಿಯ ಹೆಸರನ್ನು ಅಳಿಸಬೇಕಾಗಿಲ್ಲ. ಬಾಗಿಲ ಬಳಿಯ ಫಲಕದಲ್ಲಿ ಎರಡು ಕಾಲಗಳನ್ನೂ ಬರೆದರಾಯಿತು. ನಾಯಕನ ನೆಲೆಯನ್ನೇ ನೋಡಬೇಕೆನ್ನುವವರು ನಗರದ ಕೋಟೆಯನ್ನು ಹತ್ತಿ, ಅಲ್ಲಿಗೆ ಸಮೀಪದ ದೇವಗಂಗೆಯ ಕೊಳಗಳನ್ನು ನೋಡಿ ಬರಲಿ.