ನಾಲ್ಕು ನಿಮಿಷದ ಮೈಲಿ

ಓಟದ ಇತಿಹಾಸದಲ್ಲಿ 1954ನೆಯ ಇಸವಿ ಚಿರಸ್ಮರಣೀಯವಾದುದು. ಸ್ವೀಡನ್ನಿನ ಗುಂಡರ್ ಹೆಗ್ 1945ರಲ್ಲಿ 4 ನಿಮಿಷ 1.4 ಸೆಕೆಂಡಿನಲ್ಲಿ ಮೈಲಿಯನ್ನು ಓಡಿದ ಮೇಲೆ ಆ ದಾಖಲೆ ಸುಮಾರು ಒಂಬತ್ತು ವರ್ಷ ಅಲುಗಲಿಲ್ಲ. ನಾಲ್ಕು ನಿಮಿಷದೊಳಗೆ ಮೈಲಿ ಓಡುವುದು ಮನುಷ್ಯನ ಅಳವಲ್ಲವೆಂದೇ ಅನೇಕರು ಬಗೆದಿದ್ದರು.

ಮೇ 6ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಎಂಬ ವೈದ್ಯವಿದ್ಯಾರ್ಥಿ 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ ಆ ಗೋಡೆಯನ್ನು ಕೆಡವಿದನು. ಅಂದು ಮೊದಲು ಕ್ರಿಸ್ ಬ್ರ್ಯಾಷರ್, ಬಳಿಕ ಕ್ರಿಸ್ ಚಾಟವೆ ಮುಂದೆ ಮುಂದೆ ಓಡಿ ಗೆಳೆಯನ ವೇಗ ಕುಗ್ಗದಂತೆ ನೋಡಿಕೊಂಡರು.

ಆಸ್ಟ್ರೇಲಿಯದ ಜಾನ್ ಲ್ಯಾಂಡಿ ತನ್ನ ನಾಡಿನಲ್ಲಿ ಸರಿಜೋಡಿಯಿಲ್ಲದೆ ಓಡಿ, ಹಲವು ಬಾರಿ 4 ನಿಮಿಷ 2 ಸೆಕೆಂಡಿನ ಹತ್ತಿರವೇ ನಿಂತುಬಿಟ್ಟಿದ್ದನು. ಜೂನ್ 21ರಂದು ಫಿನ್ಲೆಂಡಿನ ಟುರ್ಕುವಿನಲ್ಲಿ ಅದೇ ಚಾಟವೆ ಬೆನ್ನಟ್ಟಿ ಬಂದಾಗ ಅವನೂ 3 ನಿಮಿಷ 58 ಸೆಕೆಂಡಿನಲ್ಲಿ ಗುರಿ ಮುಟ್ಟಿದನು. ಬ್ಯಾನಿಸ್ಟರನ ದಾಖಲೆ ಬಾಳಿದ್ದು 46 ದಿನ ಮಾತ್ರ!

ಆಗಸ್ಟ್ 7ರಂದು ಕೆನಡಾದ ವ್ಯಾಂಕೂವರಿನಲ್ಲಿ ಇಬ್ಬರೂ ಎದುರಾದರು. ಮುಂದಿದ್ದ ಲ್ಯಾಂಡಿ ಕೊನೆಯ ತಿರುವಿನಲ್ಲಿ ಎಡಕ್ಕೆ ಹೊರಳಿ ನೋಡಿದನು. ಬ್ಯಾನಿಸ್ಟರ್ ಬಲಗಡೆಯಿಂದ ಮುನ್ನುಗ್ಗಿ 3 ನಿಮಿಷ 58.8 ಸೆಕೆಂಡಿನಲ್ಲಿ ಗೆದ್ದನು. ಲ್ಯಾಂಡಿಗೆ ಹಿಡಿದದ್ದು 3 ನಿಮಿಷ 59.6 ಸೆಕೆಂಡು. ಸೋತವನೂ ನಾಲ್ಕು ನಿಮಿಷದೊಳಗೇ ಬಂದಿದ್ದನು!

ದಾಖಲೆಯ ಪುಸ್ತಕದಲ್ಲಿ ಒಬ್ಬನ ಹೆಸರೇ ಏರುತ್ತದೆ. ಆದರೆ ಮುಂದೆ ಓಡಿ ದಾರಿ ತೋರಿದ ಗೆಳೆಯರನ್ನೂ, ಬೆನ್ನಟ್ಟಿ ಬಂದು ಹುರುಪು ತುಂಬಿದ ಎದುರಾಳಿಯನ್ನೂ ನಾವು ಮರೆಯಲಾಗದು. ಒಬ್ಬೊಬ್ಬರೇ ಓಡಿದ್ದರೆ ಆ ಗೋಡೆ ಇನ್ನೆಷ್ಟು ಕಾಲ ನಿಲ್ಲುತ್ತಿತ್ತೋ, ಹೇಳುವವರಾರು?