ಕಿವಿಯಿಂದ ಜಾಕಿನವರೆಗೆ: ಬದಲಿ ಕೇಬಲ್‌ಗಳ ಮೂರು ದಶಕ

ಇನ್-ಇಯರ್ ಇಯರ್‌ಫೋನಿಗೆ ಬದಲಿ ಕೇಬಲ್ ಕೊಳ್ಳಲು ಹೊರಟವರು ಈಗ ಮೊದಲು ಕೇಳುವುದು ತಾಮ್ರದ್ದೋ ಬೆಳ್ಳಿಯದೋ ಎಂದು. ಆಮೇಲೆ ಕೇಳುವುದು ಎಷ್ಟು ಎಳೆ ಎಂದು. ತಮ್ಮ ಇಯರ್‌ಫೋನಿನ ಸಾಕೆಟ್ ಯಾವ ಬಗೆಯದು, ಪಿನ್ ಎಷ್ಟು ದಪ್ಪ, ಪಾಸಿಟಿವ್ ಯಾವ ಕಡೆಗಿದೆ ಎಂಬುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಮಾರುವವರೂ ಹೇಳುವುದಿಲ್ಲ. ಈ ವಿಷಯದ ಬರಹಗಳಲ್ಲಿ, ವಿಡಿಯೊಗಳಲ್ಲಿ ಲೋಹದ ಗುಣಗಾನವೇ ತುಂಬಿದೆ: ಬೆಳ್ಳಿ ಹಾಕಿದರೆ ತಾರಸ್ಥಾಯಿ ತೆರೆದುಕೊಳ್ಳುತ್ತದಂತೆ, ತಾಮ್ರ ಹಾಕಿದರೆ ದನಿ ಬೆಚ್ಚಗಾಗುತ್ತದಂತೆ. ರಿಪೇರಿ ಮೇಜಿನ ಮುಂದೆ ಕೂತು ಈ ಕ್ಷೇತ್ರ ಬೆಳೆದದ್ದನ್ನು ನೋಡುತ್ತ ಬಂದ ನನಗೆ ಈ ಮಾತುಗಳು ನೋವುಂಟುಮಾಡುತ್ತವೆ. ಮೂವತ್ತು ವರ್ಷಗಳಲ್ಲಿ ಕೇಬಲ್ ನಿಜಕ್ಕೂ ಬದಲಾದದ್ದು ಎರಡು ತುದಿಗಳಲ್ಲಿ. ಕೆಡುವುದೂ ಅಲ್ಲಿಯೇ.

ಶುರುವಿನ ಕಥೆ ಚಿಕ್ಕದು. ಅಮೆರಿಕದ ಮೀಡ್ ಕಿಲಿಯನ್ 1983ರಲ್ಲಿ ಕಟ್ಟಿದ ಎಟಿಮೋಟಿಕ್ ರಿಸರ್ಚ್ ಸಂಸ್ಥೆ ಶ್ರವಣ ಪರೀಕ್ಷೆಯ ಉಪಕರಣಗಳಿಂದ ಬಂದದ್ದು. 1991ರಲ್ಲಿ ಅದು ತಂದ ಇಆರ್-4 ಇಯರ್‌ಫೋನಿನ ಕೇಬಲ್ ಆಗಲೇ ಬಿಚ್ಚಿ ಹಾಕುವಂಥದ್ದಾಗಿತ್ತು. ಇಆರ್-4ಎಸ್ ಮಾದರಿಯಲ್ಲಿ ಕೇಬಲ್ಲಿನೊಳಗೇ ರೆಸಿಸ್ಟರ್ ಇತ್ತು. ಇಆರ್-4ಪಿಗೆ 75 ಓಮ್‌ನ ಅಡಾಪ್ಟರ್ ಸೇರಿಸಿದರೆ ಅದೂ ಹೆಚ್ಚುಕಡಿಮೆ ಎಸ್‌ನಂತೆಯೇ ಕೇಳುತ್ತಿತ್ತು. ಕೇಬಲ್ಲಿನಿಂದ ದನಿ ಬದಲಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗದು. ಆದರೆ ಬದಲಿಸಿದ್ದು ಎಣಿಸಿ ಹಾಕಿದ ಓಮ್‌ಗಳು ಎಂಬುದನ್ನು ಮರೆಯಬಾರದು.

1995ರಲ್ಲಿ ಜೆರಿ ಹಾರ್ವಿ, ವ್ಯಾನ್ ಹೇಲನ್ ತಂಡದ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯ ಅಚ್ಚಿನಲ್ಲಿ ಮಾನಿಟರ್ ಮಾಡಿಕೊಟ್ಟರು. ಅಲ್ಟಿಮೇಟ್ ಇಯರ್ಸ್ ಹುಟ್ಟಿದ್ದು ಅಲ್ಲಿಂದ. ಶ್ರವಣಸಾಧನಗಳಿಗೆ ಅಚ್ಚು ಮಾಡುತ್ತಿದ್ದ ಕೊಲೊರಾಡೊದ ವೆಸ್ಟೋನ್ ಕೂಡ ಇದೇ ದಾರಿಗೆ ಬಂತು. ವೇದಿಕೆಯ ಮೇಲೆ ಬೆವರು ಹರಿಯುತ್ತದೆ, ಕೇಬಲ್ ಎಳೆದಾಡುತ್ತದೆ, ಕಾರ್ಯಕ್ರಮದ ನಡುವೆ ಒಂದು ಕಿವಿ ಸತ್ತರೆ ಹಾಡುವವರಿಗೆ ದಿಕ್ಕೇ ತೋಚದು. ಹಾಗಾಗಿ ಕೇಬಲ್ ಎಂದರೆ ತಬಲಾದ ಚರ್ಮದ ಹೊದಿಕೆಯಂತೆ, ಸವೆದಾಗ ಬದಲಿಸುವ ಭಾಗ ಎಂಬ ತಿಳಿವಳಿಕೆ ಈ ಮಂದಿಗೆ ಮೊದಲಿಂದಲೂ ಇತ್ತು. ಎರಡು ಪಿನ್ನಿನ ಸರಳ ಜೋಡಣೆ ನೆಲೆಯೂರಿದ್ದು ಈ ವಲಯದಲ್ಲಿ.

2010ರಲ್ಲಿ ಶೂರ್ ಕಂಪನಿ ಎಸ್ಇ425, ಎಸ್ಇ535 ಮಾದರಿಗಳಿಗೆ ಎಂಎಂಸಿಎಕ್ಸ್ ಕನೆಕ್ಟರ್ ಹಾಕಿತು. ಇದು ರೇಡಿಯೊ ತರಂಗಗಳ ಕೆಲಸಕ್ಕೆ, 6 ಗಿಗಾಹರ್ಟ್ಸ್‌ವರೆಗೆ ಒಗ್ಗುವಂತೆ ಮಾಡಿದ ಪುಟ್ಟ ಏಕಾಕ್ಷ ಕನೆಕ್ಟರ್. ಉಪಕರಣದೊಳಗೆ ಆಂಟೆನಾ ಕೂರಿಸಿ ಮರೆತುಬಿಡುವ ಕಡೆ ಬಳಸುವಂಥದ್ದು. ಸಾಮಾನ್ಯವಾಗಿ 500 ಸಲ ಹಾಕಿ ತೆಗೆಯುವಷ್ಟು ಬಾಳಿಕೆ ಎಂದು ತಯಾರಕರು ಹೇಳುತ್ತಾರೆ. ಟಕ್ ಎಂದು ಕೂರುತ್ತದೆ, ಸುತ್ತಲೂ ತಿರುಗುತ್ತದೆ, ಎಳೆದರೆ ಸುಲಭವಾಗಿ ಬಿಡುವುದಿಲ್ಲ. ಜನ ಮೆಚ್ಚಿದ್ದು ಸಹಜ. ಆದರೆ ಆ ತಿರುಗುವ ಗುಣವೇ ಅದರ ರೋಗ. ಕಿವಿಗೆ ಸಿಕ್ಕಿಸಿಕೊಂಡು ಕತ್ತು ಹೊರಳಿಸಿದಾಗಲೆಲ್ಲ ಪ್ಲಗ್ಗಿನ ಸುತ್ತಿನ ಸ್ಪ್ರಿಂಗ್ ಉಂಗುರ ಸಾಕೆಟ್ಟಿನ ಒಳಗೋಡೆಗೆ ಉಜ್ಜುತ್ತದೆ. ನಡುವಿನ ಸೂಜಿಯನ್ನು ಹಿಡಿಯುವ ಸೀಳು ಕೊಳವೆ ನಿಧಾನಕ್ಕೆ ಬಾಯಿ ಅಗಲಿಸುತ್ತದೆ. ಆಮೇಲೆ ಒಂದು ಬದಿ ಚರ್ರೆನ್ನುತ್ತದೆ, ಹೋಗುತ್ತದೆ, ಮುಟ್ಟಿದರೆ ಬರುತ್ತದೆ. ಭೂತಗನ್ನಡಿ ಹಿಡಿದು, ಬಟ್ಟೆ ಹೊಲಿಯುವ ಸೂಜಿಯ ತುದಿಯಿಂದ ಆ ಸೀಳುಗಳನ್ನು ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿದರೆ ಬಹುಪಾಲು ಸರಿಯಾಗುತ್ತದೆ. ಹೀಗೆ ಮಾಡಬಹುದು ಎಂದು ಗೊತ್ತಿಲ್ಲದೆ ಹೊಸ ಕೇಬಲ್ ಮೇಲೆ ಹೊಸ ಕೇಬಲ್ ಕೊಂಡವರು ಎಷ್ಟೋ ಜನ.

ಈ ಕಾಲಘಟ್ಟದ ಬಗ್ಗೆ ತುಸು ನಿಂತು ಹೇಳಬೇಕು. ಏಕೆಂದರೆ ಬದಲಿ ಕೇಬಲ್ ಒಂದು ಕಸುಬಾದದ್ದು ಆಗಲೇ, ಆ ಕಸುಬು ಕಟ್ಟಿದವರ ಹೆಸರು ಯಾವ ಕ್ಯಾಟಲಾಗಿನಲ್ಲೂ ಇಲ್ಲ. 2007ರ ಹೊತ್ತಿಗೆ ಬಂದ ಅಲ್ಟಿಮೇಟ್ ಇಯರ್ಸ್‌ನ ಟ್ರಿಪಲ್‌ಫೈ 10 ಮಾದರಿಗೆ ಬಿಚ್ಚುವ ಎರಡು ಪಿನ್ನಿನ ಕೇಬಲ್ ಇತ್ತು. ಜಗತ್ತಿನಾದ್ಯಂತ ಮನೆಮನೆಯಲ್ಲಿ ಕೇಬಲ್ ಹೆಣೆಯುವವರು ಹುಟ್ಟಿಕೊಂಡರು. ಬೆಂಗಳೂರಿನಲ್ಲೂ ನಾವು ಕೆಲವರಿದ್ದೆವು. ವಿದೇಶದಿಂದ ತರಿಸಿದರೆ ಸುಂಕ, ಕಾಯುವಿಕೆ. ಎಸ್.ಪಿ. ರಸ್ತೆಯಲ್ಲಿ ಜಾಕ್ ಸಿಗುತ್ತಿತ್ತು, ಹೀಟ್ ಶ್ರಿಂಕ್ ಸಿಗುತ್ತಿತ್ತು, ಒಳ್ಳೆಯ ಸೋಲ್ಡರ್ ಸಿಗುತ್ತಿತ್ತು. ಸಿಗದೇ ಇದ್ದದ್ದು ಎರಡು ಪಿನ್ನಿನ ತುದಿ. ಡಯೋಡಿನ ಕಾಲು ಕತ್ತರಿಸಿ, ಕ್ಯಾಲಿಪರ್‌ನಲ್ಲಿ ಅಳೆದು, ಉಜ್ಜುಕಾಗದದಿಂದ ತಿಕ್ಕಿ ಹದಕ್ಕೆ ತಂದು, ಎಪಾಕ್ಸಿಯಲ್ಲಿ ಜೋಡಿಯಾಗಿ ಕೂರಿಸುತ್ತಿದ್ದೆವು. ಮೈಕ್ ಕೇಬಲ್ಲಿನ ಸಿಪ್ಪೆ ಸುಲಿದು ಒಳಗಿನ ನಾಲ್ಕು ಎಳೆ ತೆಗೆದು ಜಡೆ ಹೆಣೆಯುತ್ತಿದ್ದೆವು.

ಆ ಕೈಕೆಲಸದಿಂದ ಬಂದ ಅರಿವು ದೊಡ್ಡದು. ಮೆದುವಾದ ತಂತಿ ಗಟ್ಟಿಯಾದ ಭಾಗವನ್ನು ಸೇರುವ ಜಾಗದಲ್ಲೇ ಕೇಬಲ್ ಮುರಿಯುತ್ತದೆ: ಜಾಕಿನ ಕುತ್ತಿಗೆ, ಕವಲೊಡೆಯುವ ಗಂಟು, ಕಿವಿಯ ಹಿಂದಿನ ಬಾಗು. ಮಲ್ಟಿಮೀಟರನ್ನು ಬಝರ್‌ಗೆ ಇಟ್ಟು, ಎರಡೂ ತುದಿಗೆ ಮುಳ್ಳು ಹಚ್ಚಿ, ಕೇಬಲ್ಲನ್ನು ಇಂಚಿಂಚಾಗಿ ಬಾಗಿಸುತ್ತ ಹೋದರೆ ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲೇ ಗಾಯ. ಕುತ್ತಿಗೆಗೆ ಒಂದೇ ಗಟ್ಟಿ ತೋಳು ಹಾಕಿದರೆ ಮುರಿತ ತೋಳಿನ ತುದಿಗೆ ಸರಿಯುತ್ತದೆ ಅಷ್ಟೇ. ಒಂದರ ಮೇಲೊಂದು ಎರಡು ಮೂರು ಹೀಟ್ ಶ್ರಿಂಕನ್ನು ಮೆಟ್ಟಿಲುಮೆಟ್ಟಿಲಾಗಿ ಹಾಕಿದರೆ ಬಾಗು ಹಂಚಿಹೋಗುತ್ತದೆ. ಇದನ್ನು ಕಲಿಸಿದ್ದು ಮುರಿದ ಕೇಬಲ್‌ಗಳೇ. ಇವತ್ತು ಸಾವಿರಾರು ರೂಪಾಯಿಯ ಕೇಬಲ್‌ಗಳಿಗೆ ಹೊಳೆಯುವ ಲೋಹದ ತೋಳು ಹಾಕಿ, ಅದರ ಬಾಯಲ್ಲಿ ತಂತಿಯನ್ನು ಬರಿದೇ ಬಿಟ್ಟಿರುವುದನ್ನು ಕಂಡಾಗ ಆ ಪಾಠವನ್ನು ಉದ್ಯಮ ಕೇಳಿಸಿಕೊಳ್ಳಲೇ ಇಲ್ಲವೆಂದು ಸಂಕಟವಾಗುತ್ತದೆ.

ಇನ್ನು ಲೋಹ. ತಾಮ್ರದ ವಾಹಕತೆಯನ್ನು 100 ಎಂದಿಟ್ಟುಕೊಂಡರೆ ಬೆಳ್ಳಿಯದು ಸುಮಾರು 105ರಿಂದ 106. ಇಷ್ಟು ವ್ಯತ್ಯಾಸವನ್ನು ತಂತಿಯನ್ನು ಕೊಂಚ ದಪ್ಪ ಮಾಡಿ ತುಂಬಿಕೊಳ್ಳಬಹುದು. ಕೇಬಲ್‌ಗಳ ಮೇಲೆ ಕಾಣುವ ಒಸಿಸಿ ಎಂಬ ಹೆಸರು ಜಪಾನಿನ ಚಿಬಾ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಟ್ಸುಮಿ ಓನೊ ಅವರ ಎರಕದ ವಿಧಾನದಿಂದ ಬಂದದ್ದು. ಅಚ್ಚನ್ನು ಕಾಯಿಸಿಟ್ಟು ಎರಕ ಹೊಯ್ದರೆ ಲೋಹ ಅಚ್ಚಿನ ಗೋಡೆಯಿಂದ ಹೆಪ್ಪುಗಟ್ಟುವುದಿಲ್ಲ, ಉದ್ದುದ್ದ ಹರಳುಗಳಾಗಿ ಬೆಳೆಯುತ್ತದೆ. ಲೋಹಶಾಸ್ತ್ರದಲ್ಲಿ ಇದು ನಿಜವಾದ ಸಾಧನೆ, ಓನೊ ಅವರ ಬಗ್ಗೆ ಗೌರವ ಇರಲೇಬೇಕು. ಇದೇ ವಿಧಾನದ ತಂತಿಯನ್ನು ಆಡಿಯೊಗಾಗಿ ಮಾಡುತ್ತಿದ್ದ ಫುರುಕಾವಾ ಎಲೆಕ್ಟ್ರಿಕ್ 2013ರಲ್ಲಿ ಅದನ್ನು ನಿಲ್ಲಿಸಿತು. ಒಂದು ಮೀಟರ್ ಚಿಲ್ಲರೆ ಉದ್ದದ ಕೇಬಲ್ಲಿನಲ್ಲಿ ಹರಳಿನ ಗಡಿ ಕಿವಿಗೆ ಕೇಳುತ್ತದೆ ಎನ್ನುವುದಕ್ಕೆ ನಾನು ಒಪ್ಪುವಂಥ ಅಳತೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಲಿಟ್ಜ್ ತಂತಿಯದೂ ಇದೇ ಕಥೆ. ಒಂದೊಂದು ಎಳೆಗೂ ಎನಾಮಲ್ ಬಳಿಯುವ ಈ ಪದ್ಧತಿ ಹೆಚ್ಚು ಆವರ್ತನದಲ್ಲಿ ವಿದ್ಯುತ್ ತಂತಿಯ ಮೇಲ್ಮೈಗೆ ಸರಿಯುವುದನ್ನು ತಡೆಯಲು ಬಂದದ್ದು. 20 ಕಿಲೋಹರ್ಟ್ಸ್‌ನಲ್ಲಿ ವಿದ್ಯುತ್ ತಾಮ್ರದೊಳಗೆ ಇಳಿಯುವ ಆಳ ಸುಮಾರು 0.46 ಮಿ.ಮೀ.; ಇಯರ್‌ಫೋನ್ ಕೇಬಲ್ಲಿನ 28 ಗೇಜ್ ಎಳೆಯ ಇಡೀ ವ್ಯಾಸವೇ 0.32 ಮಿ.ಮೀ. ತಡೆಯಬೇಕಾದ ತೊಂದರೆಯೇ ಅಲ್ಲಿಲ್ಲ. ಆದರೂ ಲಿಟ್ಜ್ ಕೊಳ್ಳಿ ಎಂದೇ ನಾನು ಹೇಳುತ್ತೇನೆ, ಬೇರೆ ಕಾರಣಕ್ಕೆ: ಎನಾಮಲ್ ಇದ್ದರೆ ಕಿಲುಬು ಹಿಡಿಯುವುದಿಲ್ಲ. ಪಾರದರ್ಶಕ ಪಿವಿಸಿಯೊಳಗೆ ಬರಿ ತಾಮ್ರ ಬೆವರಿನ ದೆಸೆಯಿಂದ, ಪ್ಲಾಸ್ಟಿಕ್ಕಿನೊಳಗಿನ ರಾಸಾಯನಿಕಗಳಿಂದ ಹಸಿರಾಗುತ್ತದೆ. ಮಂಗಳೂರು, ಕಾರವಾರದ ಹವೆಯಲ್ಲಿ ಈ ಹಸಿರು ಬಯಲುಸೀಮೆಗಿಂತ ಬೇಗ ಕಾಣಿಸುತ್ತದೆ. ಅದರಿಂದ ದನಿ ಕೂಡಲೇ ಕೆಡುವುದಿಲ್ಲ. ಆದರೆ ಮುಂದೆ ಜಾಕ್ ಬದಲಿಸಬೇಕಾದಾಗ ಕಿಲುಬಿನ ಮೇಲೆ ಸೋಲ್ಡರ್ ಹಿಡಿಯುವುದಿಲ್ಲ, ಅಷ್ಟುದ್ದ ಕತ್ತರಿಸಿ ಎಸೆಯಬೇಕಾಗುತ್ತದೆ.

ಹಾಗಾದರೆ ಕೇಬಲ್ ಬದಲಿಸಿದಾಗ ದನಿ ಬದಲಾಯಿತು ಎನ್ನುವವರೆಲ್ಲ ಭ್ರಮೆಯಲ್ಲಿದ್ದಾರೆಯೇ? ಖಂಡಿತ ಇಲ್ಲ. ಬ್ಯಾಲೆನ್ಸ್ಡ್ ಆರ್ಮೇಚರ್ ಇಯರ್‌ಫೋನ್‌ಗಳ ಇಂಪೀಡೆನ್ಸ್ ಒಂದೊಂದು ಆವರ್ತನಕ್ಕೆ ಒಂದೊಂದು. ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಇರುವ ಇಯರ್‌ಫೋನಿಗೆ ಹೋಗಿಬರುವ ತಂತಿ ಸೇರಿ ಅರ್ಧ ಓಮ್ ಇರುವ ಕೇಬಲ್ ಹಾಕಿದರೆ, ಈ ಎರಡು ಜಾಗಗಳ ನಡುವೆ ಸುಮಾರು 0.4 ಡೆಸಿಬೆಲ್ ಓರೆ ಬರುತ್ತದೆ; 0.2 ಓಮ್‌ನ ಕೇಬಲ್ ಹಾಕಿದರೆ ಅದು ಸುಮಾರು 0.17ಕ್ಕೆ ಇಳಿಯುತ್ತದೆ. ಸಣ್ಣದು, ಆದರೆ ಅಳೆಯಬಹುದಾದದ್ದು. ಎರಡೂ ಕಿವಿಯ ಗ್ರೌಂಡನ್ನು ಕವಲಿನಲ್ಲೇ ಒಂದು ಮಾಡಿ ಜಾಕಿನವರೆಗೆ ಒಂದೇ ತಂತಿ ತಂದ ಹಳೆಯ ಕೇಬಲ್ಲಿನಲ್ಲಿ ಆ ತಂತಿ ಕಾಲು ಓಮ್ ಇದ್ದರೆ, 16 ಓಮ್‌ನ ಇಯರ್‌ಫೋನಿನಲ್ಲಿ ಎಡದ ದನಿ ಬಲಕ್ಕೆ ಸುಮಾರು 36 ಡೆಸಿಬೆಲ್ ಕೆಳಗೆ ಸೋರುತ್ತದೆ. ನಾಲ್ಕು ಎಳೆಯನ್ನೂ ಜಾಕಿನವರೆಗೆ ಬೇರೆಬೇರೆಯಾಗಿ ತಂದರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ನಮ್ಮ ಕಾಲದ ಹೆಣೆಯುವವರು ನಾಲ್ಕು ಎಳೆಗೆ ಪಟ್ಟು ಹಿಡಿದದ್ದು ಇದಕ್ಕೇ. ಎಂಟು, ಹದಿನಾರು ಎಳೆಗಳ ಕೇಬಲ್‌ಗಳು ಆಮೇಲೆ ಬಂದವು. ಓಮ್ ತುಸು ಇಳಿಯಿತು, ಕಿವಿಯ ಮೇಲಿನ ಭಾರ ಬಹಳ ಏರಿತು.

ಎಟಿಮೋಟಿಕ್‌ನಂತೆ ಜೆರಿ ಹಾರ್ವಿ ಕೂಡ, ಮುಂದೆ ತಾವು ಕಟ್ಟಿದ ಜೆಎಚ್ ಆಡಿಯೊದ ರೊಕ್ಸಾನ್ ಮಾದರಿಗೆ ನಾಲ್ಕು ಪಿನ್ನಿನ ಕೇಬಲ್ ಕೊಟ್ಟು, ಅದರಲ್ಲೇ ಬಾಸ್ ಹೆಚ್ಚುಕಡಿಮೆ ಮಾಡುವ ತಿರುಪು ಇಟ್ಟರು. ಕೇಬಲ್ಲಿಗೆ ಹೀಗೊಂದು ಸ್ಪಷ್ಟ ಕೆಲಸ ಕೊಡುವುದು ಪ್ರಾಮಾಣಿಕ ದಾರಿ.

2014ರಲ್ಲಿ ಆಸ್ಟೆಲ್ ಆಂಡ್ ಕೆರ್ನ್‌ನ ಎಕೆ240 ಪ್ಲೇಯರ್ 2.5 ಮಿ.ಮೀ. ಬ್ಯಾಲೆನ್ಸ್ಡ್ (ಎರಡೂ ಕಿವಿಗೆ ಬೇರೆಬೇರೆ ಜೋಡಿ ತಂತಿಯ) ಜಾಕನ್ನು ಜನಪ್ರಿಯ ಮಾಡಿತು. ತೆಳ್ಳಗಿನ ಆ ಜಾಕ್ ಸುಲಭವಾಗಿ ಮುರಿಯುತ್ತಿತ್ತು. 2016ರಿಂದ ಸೋನಿ ತನ್ನ ಪ್ಲೇಯರ್‌ಗಳಲ್ಲಿ ತಂದ 4.4 ಮಿ.ಮೀ. ಜಾಕಿನ ಹಿಂದೆ ಜಪಾನಿನ ಜೈಟಾ ಸಂಸ್ಥೆಯ ಆರ್‌ಸಿ-8141ಸಿ ಮಾನದಂಡ ಇದೆ. ಈ ಕ್ಷೇತ್ರದಲ್ಲಿ ಕಾಗದದ ಮೇಲೆ ಅಳತೆ ಬರೆದಿಟ್ಟು ಶುರುವಾದ ಅಪರೂಪದ ವಸ್ತು, ಅದಕ್ಕೇ ಬಾಳಿತು. ಬ್ಯಾಲೆನ್ಸ್ಡ್ ಔಟ್‌ಪುಟ್ ಹಲವು ಪ್ಲೇಯರ್‌ಗಳಲ್ಲಿ ವೋಲ್ಟೇಜನ್ನು ಎರಡು ಪಟ್ಟಿನವರೆಗೆ ಏರಿಸುತ್ತದೆ, ಎಂದರೆ 6 ಡೆಸಿಬೆಲ್. ಹೆಚ್ಚು ದನಿ ಕಿವಿಗೆ ಹೆಚ್ಚು ಚೆನ್ನಾಗಿ ಕೇಳುತ್ತದೆ. ಹೊಸ 4.4ರ ಬೆಳ್ಳಿ ಕೇಬಲ್ ಹಾಕಿದ ಕೂಡಲೇ ಪರದೆ ಸರಿದಂತಾಯಿತು ಎಂದು ಬರೆದವರಲ್ಲಿ ವಾಲ್ಯೂಮ್ ಸರಿಸಮ ಮಾಡಿ ಕೇಳಿದವರು ಕಡಿಮೆ.

ಕಳೆದ ದಶಕದ ದ್ವಿತೀಯಾರ್ಧ ಚೀನಾದ ತಯಾರಕರದು. ಕೆಝಡ್‌ನಂಥವರು ಸಾವಿರ ರೂಪಾಯಿ ಆಸುಪಾಸಿನ ಇಯರ್‌ಫೋನಿಗೂ ಬಿಚ್ಚುವ ಕೇಬಲ್ ಕೊಟ್ಟರು. ವಿದ್ಯಾರ್ಥಿಗಳ ಕೈಗೆ ಈ ಸೌಲಭ್ಯ ಬಂದದ್ದು ಇವರಿಂದ, ಇದನ್ನು ಮನಸಾರೆ ಹೊಗಳಬೇಕು. ಜೊತೆಗೆ ಗೋಜಲೂ ಬಂತು. ಪಿನ್ ಒಂದೆಡೆ 0.75 ಮಿ.ಮೀ., ಇನ್ನೊಂದೆಡೆ 0.78. ದಪ್ಪದ್ದನ್ನು ಸಣ್ಣ ತೂತಿಗೆ ಒತ್ತಿದರೆ ಸಾಕೆಟ್ ಹಿಗ್ಗುತ್ತದೆ, ಕೆಲವೊಮ್ಮೆ ಚಿಪ್ಪೇ ಸೀಳುತ್ತದೆ. ಆಮೇಲೆ ಮೂಲ ಕೇಬಲ್ ಹಾಕಿದರೆ ಅದು ಲೂಸ್. ಕ್ಯೂಡಿಸಿ ಬಗೆಯ ಟೊಪ್ಪಿ ಇರುವ ಕನೆಕ್ಟರಿನಲ್ಲಿ ಎಷ್ಟೋ ಸಲ ಪಾಸಿಟಿವ್-ನೆಗೆಟಿವ್ ಅದಲುಬದಲು. ಎರಡೂ ಕಡೆ ತಿರುಗಿದ್ದರೆ ಗೊತ್ತಾಗುವುದೇ ಇಲ್ಲ. ಒಂದೇ ಕಡೆ ತಿರುಗಿದರೆ ಬಾಸ್ ಕರಗುತ್ತದೆ, ತಲೆಯ ನಡುವೆ ನಿಲ್ಲಬೇಕಾದ ಹಾಡುಗಾರರ ದನಿ ಎರಡು ಕಿವಿಯ ಆಚೆಗೆ ಚದುರುತ್ತದೆ. ಹೊಸ ಕೇಬಲ್ ಬಂದ ದಿನ ಮೊನೊ ಧ್ವನಿಮುದ್ರಣ ಒಂದನ್ನು, ಹಳೆಯ ಆಕಾಶವಾಣಿ ಭಾಷಣವಾದರೂ ಸರಿ, ಕೇಳಿನೋಡಿ. ಮಾತು ನಟ್ಟನಡುವೆ ನಿಲ್ಲದಿದ್ದರೆ ಒಂದು ಬದಿಯ ಪಿನ್ನನ್ನು ತಿರುಗಿಸಿ ಹಾಕಿ.

2018ರಲ್ಲಿ ಅಲ್ಟಿಮೇಟ್ ಇಯರ್ಸ್, ಡೆನ್ಮಾರ್ಕಿನ ಎಸ್ಟ್ರಾನ್ ಕಂಪನಿಯ ವಿನ್ಯಾಸದ ಐಪಿಎಕ್ಸ್ ಕನೆಕ್ಟರಿಗೆ ಹೋಯಿತು: ತೀರ ಪುಟ್ಟದು, ಬೆವರಿಗೆ ಜಗ್ಗದ್ದು, ಕೇಬಲ್ ದಾರದಷ್ಟು ತೆಳು. ಆಡಿಯೊ-ಟೆಕ್ನಿಕಾಗೆ ತನ್ನದೇ ಎ2ಡಿಸಿ, ಪೆಂಟಾಕಾನ್‌ಗೆ ತನ್ನದೇ ಇಯರ್ ಕನೆಕ್ಟರ್. ಒಂದೊಂದೂ ತನ್ನಷ್ಟಕ್ಕೆ ಒಳ್ಳೆಯದೇ. ಒಂದರ ಕೇಬಲ್ ಇನ್ನೊಂದಕ್ಕೆ ಆಗದು. ಜಾಕಿನ ತುದಿಗೆ ಜೈಟಾ ಮಾಡಿದ ಕೆಲಸವನ್ನು ಕಿವಿಯ ತುದಿಗೆ ಇದುವರೆಗೆ ಯಾರೂ ದಡ ಮುಟ್ಟಿಸಿಲ್ಲ.

ಫೋನುಗಳಿಂದ 3.5 ಜಾಕ್ ಮಾಯವಾದ ಮೇಲೆ ಯುಎಸ್‌ಬಿ-ಸಿ ತುದಿಯ ಕೇಬಲ್‌ಗಳು ಬಂದಿವೆ. ಇವುಗಳ ಜಾಕಿನೊಳಗೇ ಡಿಎಸಿ, ಎಂದರೆ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡುವ, ಚಿಪ್ ಇರುತ್ತದೆ. ಅನುಕೂಲ ಹೌದು, ಆದರೆ ಕುತ್ತಿಗೆಯಲ್ಲಿ ತಂತಿ ಮುರಿದರೆ ಈಗ ಚಿಪ್ಪಿನ ಸಮೇತ ಎಸೆಯಬೇಕು. ನನ್ನ ಮೇಜಿಗೆ ಬರುವ ಇಂಥ ಕೇಬಲ್‌ಗಳಲ್ಲಿ ಬಹಳಷ್ಟರ ಜಾಕನ್ನು ಒಡೆಯದೆ ತೆರೆಯಲು ಆಗುವುದೇ ಇಲ್ಲ. ತಿರುಪಿನ ಮುಚ್ಚಳ ಇದ್ದಿದ್ದರೆ ಹತ್ತು ನಿಮಿಷದ ಸೋಲ್ಡರ್ ಕೆಲಸ ಅದು. ಕೇಬಲ್ಲಿನ ಡಬ್ಬಿಯ ಮೇಲೆ ಲೋಹದ ಶುದ್ಧತೆಯನ್ನು ಆರು ಒಂಬತ್ತುಗಳವರೆಗೆ ಮುದ್ರಿಸುವವರು ಒಂದು ಬದಿಗೆ ಎಷ್ಟು ಓಮ್, ಪಿನ್ ಎಷ್ಟು ದಪ್ಪ, ಕುತ್ತಿಗೆ ಎಷ್ಟು ಸಾವಿರ ಬಾಗು ತಾಳಿತು ಎಂದು ಮುದ್ರಿಸಿದ್ದನ್ನು ನಾನು ಕಂಡದ್ದು ತೀರ ವಿರಳ. ಬಾಗಿಸುವ ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ ಮೋಟಾರ್, ಒಂದು ತೋಳು, ಎಣಿಕೆಯ ಯಂತ್ರ ಮತ್ತು ಮಲ್ಟಿಮೀಟರ್. ಯಾವ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲೂ ಕಟ್ಟಬಹುದು. ವಿದ್ಯಾರ್ಥಿಗಳು ಯಾರಾದರೂ ಮುಂದೆ ಬಂದರೆ, ಬೇರೆಬೇರೆ ಕಡೆ ಮುರಿದ ಕೇಬಲ್‌ಗಳ ಒಂದು ಚೀಲ ನನ್ನ ಬಳಿ ಇದೆ. ಎಲ್ಲಿ ಮುರಿದದ್ದು ಎಂದು ಒಂದೊಂದಕ್ಕೂ ಚೀಟಿ ಕಟ್ಟಿಟ್ಟಿದ್ದೇನೆ.