ಕಾಗುಣಿತವಿಲ್ಲದ ಹೆಸರು

ಲಂಡನ್ನಿನಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ, ವಿಷಯ ಹೀಬ್ರೂ ಮತ್ತು ಯಹೂದಿ ಇತಿಹಾಸ ಎಂದಾಗ ಅಪ್ಪ ಮಂಡಿಯ ಗೋಣಿಚೀಲಗಳ ನಡುವಿನಿಂದಲೇ ಕೇಳಿದರು: "ಅದು ಕಲಿತು ಎಂತ ಮಾಡ್ಲಿಕ್ಕುಂಟು ಮಗಾ? ಪಾದ್ರಿ ಆಗ್ತೀಯಾ?" ಮಂಗಳೂರು ಬಂದರಿನ ಅಡಿಕೆ ವ್ಯಾಪಾರಿಗೆ ಹೀಬ್ರೂ ಎಂದರೆ ಬಲ್ಮಠದ ಗುಡ್ಡೆಯಲ್ಲಿ ಪಾದ್ರಿಯಾಗಲು ಓದುವವರು ಕಲಿಯುವ ಭಾಷೆ. ನನ್ನ ಹತ್ತಿರ ಉತ್ತರವಿರಲಿಲ್ಲ. ಇಂಗ್ಲೆಂಡಿನ ದೊಡ್ಡ ವಿಶ್ವವಿದ್ಯಾಲಯಗಳೂ ಶತಮಾನಗಳ ಕಾಲ ಅಪ್ಪನ ಹಾಗೆಯೇ ತಿಳಿದಿದ್ದವು ಎಂಬುದು ಮೊದಲ ವರ್ಷದ ತರಗತಿಗಳಲ್ಲಿ ಗೊತ್ತಾಯಿತು.

ಮೊದಲನೆಯ ಎಡ್ವರ್ಡ್ 1290ರಲ್ಲಿ ಯಹೂದಿಗಳನ್ನೆಲ್ಲ ಇಂಗ್ಲೆಂಡಿನಿಂದ ಹೊರಗಟ್ಟಿದ್ದ. ಅಂಥ ದೇಶದಲ್ಲಿ ಹೀಬ್ರೂ ತುರ್ತಾಗಿ ಬೇಕಾದದ್ದು ಎಂಟನೆಯ ಹೆನ್ರಿಗೆ, ಅದೂ ಹೆಂಡತಿಯನ್ನು ಬಿಡಲಿಕ್ಕೆ. ರಾಣಿ ಕ್ಯಾಥರೀನ್ ತೀರಿಹೋದ ಅಣ್ಣನ ಹೆಂಡತಿ. ಅಂಥ ಮದುವೆ ಕೂಡದು ಎನ್ನುತ್ತದೆ ಬೈಬಲ್ಲಿನ ಯಾಜಕಕಾಂಡ. ಅಣ್ಣ ಗಂಡುಸಂತಾನವಿಲ್ಲದೆ ಸತ್ತರೆ ತಮ್ಮನೇ ಅವಳನ್ನು ಮದುವೆಯಾಗಬೇಕು ಎನ್ನುತ್ತದೆ ಧರ್ಮೋಪದೇಶಕಾಂಡ. ಯಾವುದು ಸರಿ? ತನ್ನ ರಾಜ್ಯದಲ್ಲಿ ಕೇಳೋಣವೆಂದರೆ ರಬ್ಬಿಗಳಿಲ್ಲ. ಅರಸನ ಜನ ವೆನಿಸ್‌ವರೆಗೆ ಹೋಗಿ ಅಲ್ಲಿನ ಯಹೂದಿಗಳ ಅಭಿಪ್ರಾಯ ಕೇಳಿಬಂದರು. ಮುಂದೆ ಇದೇ ಹೆನ್ರಿ 1540ರಲ್ಲಿ ಕೇಂಬ್ರಿಜ್‌ನಲ್ಲಿಯೂ 1546ರಲ್ಲಿ ಆಕ್ಸ್‌ಫರ್ಡ್‌ನಲ್ಲಿಯೂ ಹೀಬ್ರೂ ಪ್ರಾಧ್ಯಾಪಕ ಪೀಠಗಳನ್ನು ಸ್ಥಾಪಿಸಿದ. ಕಲಿಸುವವರೂ ಕಲಿಯುವವರೂ ಕ್ರೈಸ್ತರೇ. ಯಾರ ಭಾಷೆಯೋ ಅವರಿಗೆ ದೇಶದೊಳಗೆ ಕಾಲಿಡಲು ಅಪ್ಪಣೆಯಿಲ್ಲ.

1656ರಿಂದ ಯಹೂದಿಗಳು ಮತ್ತೆ ಬಂದು ನೆಲೆಸಿದರು. ಆದರೆ ವಿಶ್ವವಿದ್ಯಾಲಯದ ಬಾಗಿಲು ಬೇರೆ. ಆಕ್ಸ್‌ಫರ್ಡ್‌ನಲ್ಲಿ ಸೇರುವಾಗ, ಕೇಂಬ್ರಿಜ್‌ನಲ್ಲಿ ಪದವಿ ಪಡೆಯುವಾಗ ಇಂಗ್ಲೆಂಡಿನ ಚರ್ಚಿನ ನಂಬಿಕೆಗೆ ಒಪ್ಪಿ ಸಹಿ ಹಾಕಬೇಕಿತ್ತು. ನಮ್ಮ ಪಿಯುಸಿ ಹುಡುಗರು ಬೈದುಕೊಂಡು ಬಿಡಿಸುವ ಮ್ಯಾಟ್ರಿಕ್ಸ್ ಇದೆಯಲ್ಲ, ಗಣಿತಕ್ಕೆ ಆ ಹೆಸರು ತಂದವನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಎಂಬ ಯಹೂದಿ. 1837ರಲ್ಲಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೆಯವನಾಗಿ ಬಂದ. ಸಹಿ ಹಾಕಲಿಲ್ಲ, ಪದವಿ ಸಿಗಲಿಲ್ಲ. ಆ ಪದ್ಧತಿಗೆ ಕಾನೂನು ಕೊನೆ ಹಾಡಿದ್ದು 1871ರಲ್ಲಿ.

ಅಷ್ಟರೊಳಗೆ ಲಂಡನ್ನಿನಲ್ಲಿ ಬೇರೊಂದು ಬಾಗಿಲು ತೆರೆದಾಗಿತ್ತು. ಯಾವ ಮತದವರಾದರೂ ಬಂದು ಓದಬಹುದಾದ ಕಾಲೇಜು 1826ರಲ್ಲಿ ಹುಟ್ಟಿತು. ಇಂದಿನ ಯೂನಿವರ್ಸಿಟಿ ಕಾಲೇಜ್ ಅದೇ. ಅದನ್ನು ಕಟ್ಟಿದವರಲ್ಲಿ ಐಸಾಕ್ ಲಯನ್ ಗೋಲ್ಡ್‌ಸ್ಮಿಡ್ ಎಂಬ ಯಹೂದಿ ಹಣಕಾಸು ವ್ಯಾಪಾರಿಯೂ ಇದ್ದ. 1828ರಲ್ಲಿ ಅಲ್ಲಿನ ಮೊದಲ ಹೀಬ್ರೂ ಪ್ರಾಧ್ಯಾಪಕನಾದವನು ಹೈಮನ್ ಹರ್ವಿಟ್ಸ್. ಪೋಲೆಂಡಿನಿಂದ ಬಂದವನು, ಹೈಗೇಟ್‌ನಲ್ಲಿ ಯಹೂದಿ ಮಕ್ಕಳಿಗೆ ಶಾಲೆ ನಡೆಸಿದವನು, ಕವಿ ಕೋಲ್‌ರಿಜ್‌ನ ಸ್ನೇಹಿತ. ಮನೆಯ ಭಾಷೆಯನ್ನು ಮನೆಯವನೇ ಕಲಿಸುವುದಕ್ಕೆ ಹೆನ್ರಿಯ ಕಾಲದಿಂದ ಸುಮಾರು ಮುನ್ನೂರು ವರ್ಷ ಹಿಡಿಯಿತು.

ಇನ್ನು ಭಾಷೆಯ ಮಾತು. ಇಪ್ಪತ್ತೆರಡೇ ಅಕ್ಷರ, ಬಲದಿಂದ ಎಡಕ್ಕೆ, ವಾರದಲ್ಲಿ ಬರುತ್ತದೆ. ಕಷ್ಟವಿರುವುದು ಆಮೇಲೆ. ಬೈಬಲ್ಲಿಗೆ, ಮಕ್ಕಳ ಪುಸ್ತಕಕ್ಕೆ ಸ್ವರ ತೋರಿಸುವ ಚುಕ್ಕೆಗೆರೆಗಳನ್ನು ಇಡುತ್ತಾರೆ, ಉಳಿದ ಕಡೆ ಹೆಚ್ಚಾಗಿ ಬರಿಯ ವ್ಯಂಜನ. ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ನನಗೆ ಇದು ಶಿಕ್ಷೆಯೇ. ಕನ್ನಡದಲ್ಲಿ ಮ, ಲ ಎಂದಷ್ಟೇ ಬರೆದಿಟ್ಟರೆ ಅದು ಮಾಲೆಯೋ, ಮೂಲೆಯೋ, ಮಲ್ಲನೋ? ಸೆಫೆರ್ ಎಂದರೆ ಪುಸ್ತಕ, ಸಪ್ಪರ್ ಎಂದರೆ ಕ್ಷೌರಿಕ, ಬರವಣಿಗೆ ಎರಡಕ್ಕೂ ಒಂದೇ. ಒಂದಿಡೀ ವಾಕ್ಯದಲ್ಲಿ ನಾನು ಕ್ಷೌರಿಕನನ್ನು ಕಪಾಟಿನಲ್ಲಿ ಜೋಡಿಸಿಟ್ಟಿದ್ದೆ.

ಮೂರನೆಯ ವರ್ಷ ಒಂದು ಐಚ್ಛಿಕ ಪತ್ರಿಕೆ ತೆಗೆದುಕೊಂಡೆ: ಕೈರೋದ ಗೆನಿಜಾ. ದೇವರ ಹೆಸರಿರಬಹುದಾದ ಬರಹವನ್ನು ಯಹೂದಿಗಳು ಹರಿದು ಎಸೆಯುವುದಿಲ್ಲ, ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಅದೇ ಗೆನಿಜಾ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಶತಮಾನಗಳ ಕಾಲ ಹೀಗೆ ಹಾಕುತ್ತಲೇ ಹೋದರು. ಪ್ರಾರ್ಥನೆ, ಮದುವೆ ಕರಾರು, ಅಂಗಡಿ ಲೆಕ್ಕ ಎಲ್ಲವೂ ಬಿದ್ದವು. 1896–97ರ ಚಳಿಗಾಲದಲ್ಲಿ ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ ಆ ಧೂಳಿನಲ್ಲಿ ಕೂತು ಆರಿಸಿ ತಂದ. ಕೇಂಬ್ರಿಜ್‌ನಲ್ಲಿ ಈಗ ಸುಮಾರು 1,93,000 ತುಣುಕುಗಳಿವೆ. ಶೆಕ್ಟರ್‌ಗೆ ಬೇಕಾಗಿದ್ದದ್ದು ಧರ್ಮಗ್ರಂಥ. ವ್ಯಾಪಾರಿಗಳ ಕಾಗದಗಳನ್ನು ದಶಕಗಳ ಕಾಲ ಕೂತು ಓದಿದವರು ಎಸ್. ಡಿ. ಗೊಯ್ಟೈನ್. ಹೀಬ್ರೂ ಲಿಪಿ, ಆದರೆ ಒಳಗಿನ ಭಾಷೆ ಅರಬ್ಬಿ.

ಆ ಕಾಗದಗಳಲ್ಲಿ ಮಂಗಳೂರು ಇತ್ತು! ಈಗಿನ ಟುನೀಶಿಯಾದ ಮಹ್ದಿಯಾದಿಂದ ಹೊರಟ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ನಮ್ಮೂರಿನಲ್ಲಿದ್ದ. ಆಳುಪರ ಕಾಲ ಅದು. ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವನ್ನು ಅದೇ ವರ್ಷ ಇಲ್ಲಿಯೇ ಬರೆದ. ಕಂಚಿನ ಪಾತ್ರೆಗಳ ಕಾರ್ಖಾನೆ ಇಟ್ಟಿದ್ದ. ಏಡನ್‌ನ ಗೆಳೆಯರು ಒಡೆದ ಹಳೆ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ ಮತ್ತು ಬರೆಯಲು ಕಾಗದ. 1149ರಲ್ಲಿ ಅವನು ಏಡನ್‌ಗೆ ಮರಳಿದ.

ಅವನ ಸರಕು ಹಿಡಿದು ಏಡನ್‌ಗೆ ಹೋಗಿಬರುತ್ತಿದ್ದ ಒಬ್ಬ ದಾಸನಿದ್ದ. ಅಲ್ಲಿ ಕುಡಿದು ದುಡ್ಡಿಗಾಗಿ ಪೀಡಿಸಿದ ಎಂದು ವರ್ತಕ ಮದ್ಮೂನ್ ದೂರು ಬರೆದಿದ್ದಾನೆ. ಅದೇ ಏಡನ್‌ನ ಖಲಫ್ 1148ರ ಪತ್ರದಲ್ಲಿ ದಾಸನಿಗೂ ಸಲಾಮು ಹೇಳಿದ್ದಾನೆ. ಆ ದಾಸನ ಹೆಸರು ಮೂರೇ ಅಕ್ಷರ: ಬ, ಮ, ಕೊನೆಗೆ ಒಂದು ಸ್ವರ ಸೂಚಿಸುವ ಗುರುತು. ಗೊಯ್ಟೈನ್ ಅದನ್ನು 'ಬಾಮಾ' ಎಂದು ಓದಿದರು. ಲೇಖಕ ಅಮಿತಾವ್ ಘೋಷ್ ಅವನ ಜಾಡು ಹಿಡಿದು ಮಂಗಳೂರಿಗೆ ಬಂದು, ತುಳು ಜಾನಪದ ಬಲ್ಲ ಬಿ. ಎ. ವಿವೇಕ ರೈ ಅವರಂಥವರನ್ನು ಕೇಳಿ, ಅದು 'ಬೊಮ್ಮ' ಎಂದು ತಿಳಿದರು. ಆ ಹುಡುಕಾಟದ ಪುಸ್ತಕ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' 1992ರಲ್ಲಿ ಹೊರಬಂತು. ಬೊಮ್ಮಣ್ಣ, ಬೊಮ್ಮಾಯಿ ಎಂದು ಕೂಗುವ ಕಡೆ ಬೆಳೆದವರಿಗೆ ಆ ಮೂರಕ್ಷರಕ್ಕೆ ಒತ್ವ, ಒತ್ತು ತಾವಾಗಿಯೇ ಬಂದು ಕೂರುತ್ತವೆ. ಆ ಕಾಲದ ದಾಸ್ಯ ಅಷ್ಟು ಕ್ರೂರವಲ್ಲ, ಶಿಷ್ಯವೃತ್ತಿಯ ಹಾಗಿತ್ತು ಎಂಬ ಘೋಷರ ವಾದಕ್ಕೆ ಮಾತ್ರ ನನ್ನ ಮನಸ್ಸು ಒಪ್ಪಲಿಲ್ಲ. ಸಲಾಮು ಬಂತು, ಸರಿ. ಆದರೆ ಲೆಕ್ಕ, ದೂರು, ಸಲಾಮು ಎಲ್ಲವೂ ಧಣಿಗಳ ಕೈಬರಹವೇ.

ಇದನ್ನೆಲ್ಲ ಓದಿದ ರಾತ್ರಿ ಬೆನ್ ಯಿಜುವಿಗೆ ಬಂದ ಒಂದು ಕಾಗದದ ಫೋಟೋ ಅಪ್ಪನಿಗೆ ಕಳಿಸಿದೆ. ಎಂಟುನೂರು ಚಿಲ್ಲರೆ ವರ್ಷ ಹಳೆಯದು, ನಮ್ಮ ಬಂದರಿನ ಅಡಿಕೆ ವ್ಯಾಪಾರಿಯದು ಎಂದು ಬರೆದೆ. ಫೋನು ಬಂತು.

"ಚಾಲಿಯಾ ಕೆಂಪಾ?"

"ಎಂತ?"

"ಅಡಿಕೆ ಮಾರಾಯ. ರೇಟು ಹಾಕಿದ್ದಾರಾ ನೋಡು."

ನಾನು ನಿಘಂಟು ಎಳೆದುಕೊಂಡೆ.